ಕರವಸ್ತ್ರ ಹಿಡಿದ ಪೊಲೀಸ್ ಮುಖ್ಯಸ್ಥ

ರಹಸ್ಯ ಪೊಲೀಸ್ ಮುಖ್ಯಸ್ಥ ಅಂದ ತಕ್ಷಣ ನಮಗೆಲ್ಲ ನೆನಪಾಗೋದು ಸಿನಿಮಾದ ವಿಲನ್. ಕತ್ತಲೆ ಕೋಣೆ, ಕಪ್ಪು ಕನ್ನಡಕ, ಒಂದು ಕ್ರೂರ ನಗು. ರಷ್ಯಾದ ಅಲೆಕ್ಸಾಂಡರ್ ಬೆಂಕೆನ್‌ಡಾರ್ಫ್ ಬಗ್ಗೆ ಓದಿದ ಮೇಲೆ ನಮ್ಮ ತಲೆಯಲ್ಲಿದ್ದ ಆ ಚಿತ್ರ ಅಳಿಸಿಹೋಯ್ತು. ಯಾಕಂದ್ರೆ ಈತ ವಿಲನ್ ಥರ ಇರಲೇ ಇಲ್ಲ. ನಮಗೆ ಭಯ ಹುಟ್ಟಿಸಿದ್ದೂ ಅದೇ.

ಈತ ಮೊದಲು ಸೈನಿಕ, ಅದೂ ಧೈರ್ಯವಂತ ಸೈನಿಕ. 1812ರಲ್ಲಿ ನೆಪೋಲಿಯನ್ ಮಾಸ್ಕೋ ಬಿಟ್ಟು ಹೋದಾಗ, ಸುಟ್ಟು ಕರಕಲಾಗಿದ್ದ ಆ ಊರಿನ ಜವಾಬ್ದಾರಿ ಸ್ವಲ್ಪ ಕಾಲ ಈತನ ಹೆಗಲ ಮೇಲಿತ್ತು. ಮರುವರ್ಷ ಹಾಲೆಂಡನ್ನು ಫ್ರೆಂಚರಿಂದ ಬಿಡಿಸಲು ಹೋದ ರಷ್ಯನ್ ಪಡೆಗೆ ಈತನೇ ನಾಯಕ. 1824ರ ನವೆಂಬರ್‌ನಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ಗೆ ದೊಡ್ಡ ಪ್ರವಾಹ ಬಂದಾಗ, ಅರಮನೆಯಲ್ಲಿದ್ದ ಈ ಜನರಲ್ ಕೊರೆಯುವ ನೀರಿಗಿಳಿದು, ದೋಣಿ ಹತ್ತಿ, ಮುಳುಗುತ್ತಿದ್ದವರನ್ನು ಕಾಪಾಡಿದ.

ಈತನಿಗೆ ಸೆರ್ಗೆಯ್ ವೋಲ್ಕೊನ್‌ಸ್ಕಿ ಅಂತ ಒಬ್ಬ ಗೆಳೆಯ, ಅವನೂ ಸೇನಾಧಿಕಾರಿ. ಬೆಂಕೆನ್‌ಡಾರ್ಫ್ ಪ್ಯಾರಿಸ್‌ನಲ್ಲಿ ಫ್ರೆಂಚ್ ಜೆಂಡಾರ್ಮ್ ಪೊಲೀಸ್ ವ್ಯವಸ್ಥೆ ನೋಡಿ ಮರುಳಾಗಿ ಬಂದಿದ್ದನ್ನು ವೋಲ್ಕೊನ್‌ಸ್ಕಿ ತನ್ನ ನೆನಪುಗಳಲ್ಲಿ ಬರೆದಿದ್ದಾನೆ. ಪ್ರಾಮಾಣಿಕರು, ಬುದ್ಧಿವಂತರು ಸೇರಿ ಜನರ ಮೇಲೆ ಒಂದು ಕಣ್ಣಿಟ್ಟರೆ ದೇಶ ಉದ್ಧಾರ ಆಗುತ್ತೆ ಅನ್ನೋದು ಈತನ ನಂಬಿಕೆ. ಆ ಗುಂಪಿಗೆ ಸೇರು ಅಂತ ವೋಲ್ಕೊನ್‌ಸ್ಕಿಯನ್ನೂ ಕರೆದಿದ್ದನಂತೆ.

ಮುಂದೆ ಆಗಿದ್ದೇ ಬೇರೆ. 1825ರ ಡಿಸೆಂಬರ್‌ನಲ್ಲಿ ಸಂವಿಧಾನ ಬೇಕು, ಜೀತಪದ್ಧತಿ ಹೋಗಬೇಕು ಅಂತ ಕನಸು ಕಂಡ ಯುವ ಅಧಿಕಾರಿಗಳು ದಂಗೆಯೆದ್ದರು. ದಂಗೆ ಸೋತಿತು. ವಿಚಾರಣಾ ಸಮಿತಿಯಲ್ಲಿ ಬೆಂಕೆನ್‌ಡಾರ್ಫ್ ಕೂತಿದ್ದ, ಎದುರಿಗೆ ಆರೋಪಿಯಾಗಿ ವೋಲ್ಕೊನ್‌ಸ್ಕಿ. ಐದು ಜನರಿಗೆ ಗಲ್ಲು, ವೋಲ್ಕೊನ್‌ಸ್ಕಿಗೆ ಸೈಬೀರಿಯಾ. 1826ರ ಜುಲೈನಲ್ಲಿ ತ್ಸಾರ್ ಒಂದನೇ ನಿಕೋಲಸ್ ‘ಮೂರನೇ ವಿಭಾಗ’ ಅನ್ನೋ ರಹಸ್ಯ ಕಚೇರಿ ತೆರೆದು ಬೆಂಕೆನ್‌ಡಾರ್ಫ್‌ನನ್ನೇ ಮುಖ್ಯಸ್ಥನನ್ನಾಗಿ ಮಾಡಿದ. ನಾನೇನು ಕೆಲಸ ಮಾಡಬೇಕು ಅಂತ ಈತ ಕೇಳಿದಾಗ ತ್ಸಾರ್ ಒಂದು ಕರವಸ್ತ್ರ ಕೊಟ್ಟು, ನೊಂದವರ ಕಣ್ಣೀರು ಒರೆಸು ಅಂದನಂತೆ. ಇದು ಕಥೆಯೇ ಇರಬಹುದು. ಆದರೆ ಆ ಕಚೇರಿ ತನ್ನ ಬಗ್ಗೆ ತಾನು ಏನು ನಂಬಿತ್ತು ಅನ್ನೋದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ.

ಆ ಕರವಸ್ತ್ರ ಮಾಡಿದ್ದೇನು? ಕವಿ ಪುಷ್ಕಿನ್‌ನನ್ನು ನೋಡಿ. ತಾನು ಬರೆದ ನಾಟಕವನ್ನು ಗೆಳೆಯರಿಗೆ ಓದಿ ಹೇಳಿದ್ದಕ್ಕೆ ಬೆಂಕೆನ್‌ಡಾರ್ಫ್‌ನಿಂದ ಬೈಗುಳದ ಪತ್ರ. ಅನುಮತಿಯಿಲ್ಲದೆ ಕಾಕಸಸ್ ಕಡೆ ಹೋಗಿದ್ದಕ್ಕೆ ವಿವರಣೆ ಕೊಡಬೇಕು. ವಿದೇಶಕ್ಕೆ ಹೋಗ್ತೀನಿ ಅಂದ್ರೆ ಇಲ್ಲ. 1834ರಲ್ಲಿ ಹೆಂಡತಿಗೆ ಬರೆದ ಕಾಗದವನ್ನೂ ಅಂಚೆಯಲ್ಲಿ ಒಡೆದು ಓದಿದರು. ಇನ್ನೊಂದು ವಿಪರ್ಯಾಸ ಕೇಳಿ. 1833ರಲ್ಲಿ ಪುಷ್ಕಿನ್ ಆ ಪ್ರವಾಹದ ಮೇಲೆ ‘ಕಂಚಿನ ಕುದುರೆ ಸವಾರ’ ಕಾವ್ಯ ಬರೆದ. ಜನರನ್ನು ಕಾಪಾಡಿದ ಜನರಲ್‌ಗಳ ಮಾತು ಅದರಲ್ಲಿದೆ, ಟಿಪ್ಪಣಿಯಲ್ಲಿ ಬೆಂಕೆನ್‌ಡಾರ್ಫ್ ಹೆಸರೂ ಇದೆ. ಆ ಕಾವ್ಯ ತ್ಸಾರ್ ಕೈಸೇರಿದ್ದು ಬೆಂಕೆನ್‌ಡಾರ್ಫ್ ಮೂಲಕವೇ. ವಾಪಸ್ ಬಂದಿದ್ದು ಗೀಟು ಹಾಕಿಸಿಕೊಂಡು. ಕವಿ ಬದುಕಿರುವಾಗ ಅದು ಪೂರ್ತಿಯಾಗಿ ಅಚ್ಚಾಗಲೇ ಇಲ್ಲ.

ದೇಶದ ಭದ್ರತೆಗೆ ಇದೆಲ್ಲ ಬೇಕಲ್ವಾ ಅಂತ ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಇದಕ್ಕೆ ಉತ್ತರ ಬೆಂಕೆನ್‌ಡಾರ್ಫ್‌ನ ಕಡತದಲ್ಲೇ ಇದೆ. ಮೂರನೇ ವಿಭಾಗ ಪ್ರತಿವರ್ಷ ತ್ಸಾರ್‌ಗೆ ಜನಾಭಿಪ್ರಾಯದ ವರದಿ ಕೊಡ್ತಿತ್ತು. 1839ರ ವರದಿಯಲ್ಲಿ ಜೀತಪದ್ಧತಿಯನ್ನು ರಾಜ್ಯದ ಕೆಳಗಿರೋ ಮದ್ದಿನ ಉಗ್ರಾಣಕ್ಕೆ ಹೋಲಿಸಿದ್ದಾರೆ. ಅಂದ್ರೆ ಸತ್ಯ ಅವರಿಗೆ ಗೊತ್ತಿತ್ತು! ಆದರೂ ಜೀತ ರದ್ದಾಗಿದ್ದು 1861ರಲ್ಲಿ, ಬೆಂಕೆನ್‌ಡಾರ್ಫ್ ಸತ್ತು 17 ವರ್ಷ ಆದ ಮೇಲೆ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಸೆನ್ಸರ್ ಸರಿಯಾಗೇ ರೀಡಿಂಗ್ ಕೊಡ್ತಿತ್ತು, ಆದರೆ ಅದರ ಔಟ್‌ಪುಟ್ ಯಾವ ಆಕ್ಚುಯೇಟರ್‌ಗೂ ಹೋಗ್ತಿರಲಿಲ್ಲ. ಜೀತ ಬೇಡ ಅಂತ ಬಾಯಿಬಿಟ್ಟು ಹೇಳಿದವರು ಸೈಬೀರಿಯಾದಲ್ಲಿದ್ದರು. ಅದನ್ನೇ ಗುಟ್ಟಾಗಿ ವರದಿ ಬರೆದವರು ಅರಮನೆಯಲ್ಲಿದ್ದರು.

ಇದು ಎರಡು ಶತಮಾನ ಹಿಂದಿನ ರಷ್ಯಾದ ಮಾತು, ನಮಗ್ಯಾಕೆ ಅಂತೀರಾ? ನಮ್ಮಲ್ಲೇ ಎಷ್ಟೋ ಜನ ಮುಖ ಗುರುತಿಸಿ ಹಾಜರಿ ಹಾಕೋ ಪ್ರಾಜೆಕ್ಟ್ ಮಾಡಿದ್ದೀವಿ. ವೈವಾದಲ್ಲಿ ಬಂದ ಪ್ರಶ್ನೆ ಆಕ್ಯುರಸಿ ಎಷ್ಟು ಅನ್ನೋದು. ಆ ಫೋಟೋಗಳನ್ನ ಯಾರು ನೋಡ್ತಾರೆ, ಯಾವಾಗ ಅಳಿಸ್ತೀವಿ, ತಪ್ಪಾಗಿ ಗುರುತಿಸಿದ್ರೆ ಆ ಹುಡುಗ ಯಾರ ಹತ್ತಿರ ಹೋಗಿ ಹೇಳಬೇಕು ಅಂತ ಯಾರೂ ಕೇಳಲಿಲ್ಲ. ನಿಜ ಹೇಳಬೇಕಂದ್ರೆ, ನಾವೂ ಯೋಚಿಸಿರಲಿಲ್ಲ. ನಮ್ಮ ಉದ್ದೇಶ ಒಳ್ಳೆಯದೇ ಇತ್ತಲ್ಲ, ಅಷ್ಟೇ ಸಾಕು ಅಂದುಕೊಂಡಿದ್ವಿ.

ಬೆಂಕೆನ್‌ಡಾರ್ಫ್ ಉದ್ದೇಶವೂ ಒಳ್ಳೆಯದೇ ಇತ್ತು. ಒಳ್ಳೆಯವರು ನಡೆಸಿದ್ರೆ ವ್ಯವಸ್ಥೆಯೂ ಒಳ್ಳೆಯದಾಗಿರುತ್ತೆ ಅಂತ ನಂಬಿದ್ದೇ ಈತನ ತಪ್ಪು. ಕಣ್ಣಿಡೋರ ಮೇಲೆ ಕಣ್ಣಿಡೋಕೆ ಯಾರೂ ಇಲ್ಲದಿದ್ರೆ, ಪ್ರವಾಹಕ್ಕೆ ಇಳಿದು ಜನರನ್ನು ಕಾಪಾಡಿದ ಕೈಯೇ ನಾಳೆ ಬೇರೆಯವರ ಕಾಗದ ಒಡೆಯುತ್ತೆ.

ಇನ್ನು ಕೆಲವೇ ವರ್ಷಗಳಲ್ಲಿ ಇಂಥ ವ್ಯವಸ್ಥೆಗಳಿಗೆ ಕೋಡ್ ಬರೆಯೋರು ನಾವೇ. ಈ ಸಲದ ಪ್ರಾಜೆಕ್ಟ್ ವರದಿಯಲ್ಲಿ ಆಕ್ಯುರಸಿ ಟೇಬಲ್ ಕೆಳಗೆ ಇನ್ನೊಂದು ಪುಟ ಸೇರಿಸೋಣ. ಈ ಮಾಹಿತಿ ಯಾರ ಕೈಯಲ್ಲಿರುತ್ತೆ, ಎಷ್ಟು ದಿನ ಇರುತ್ತೆ, ಅವರನ್ನ ಪ್ರಶ್ನೆ ಕೇಳೋರು ಯಾರು ಅಂತ ಅದರಲ್ಲಿ ಬರೆಯೋಣ. ಮಾರ್ಕ್ಸ್ ಸಿಗದಿದ್ರೂ ಪರವಾಗಿಲ್ಲ, ಬರೆಯೋಣ.