ಡಾಕ್ಟರ್ ಲೋಹಿಯಾ ಮತ್ತು ಮನೆಯೊಳಗಿನ ಕೊಳಗ

ರಾಮಮನೋಹರ ಲೋಹಿಯಾ ಅವರ ಹೆಸರಿನ ‘ಡಾಕ್ಟರ್’ ಔಷಧ ಕೊಡುವ ಡಾಕ್ಟರಿಕೆಯದಲ್ಲ. ಕಲ್ಕತ್ತೆಯಲ್ಲಿ ಬಿ.ಎ. ಮುಗಿಸಿ ಬರ್ಲಿನ್ನಿಗೆ ಹೋದ ಅವರು ಡಾಕ್ಟರ್ ಪದವಿಗೆಂದು ಬರೆದದ್ದು ಉಪ್ಪಿನ ತೆರಿಗೆಯನ್ನು ಕುರಿತು. ಬಡವನ ಗಂಜಿಗೆ ಬೀಳುವ ಉಪ್ಪಿನಲ್ಲಿ ಸಾಮ್ರಾಜ್ಯದ ಲೆಕ್ಕ ಓದಿದ ಈ ವಿದ್ವಾಂಸರು 1951ರಲ್ಲಿ ನಮ್ಮ ಸಾಗರ ತಾಲ್ಲೂಕಿಗೆ ಬಂದು, ಕಾಗೋಡು ಸತ್ಯಾಗ್ರಹದಲ್ಲಿ ಸೆರೆಯಾದರು. ಗೇಣಿಯ ಭತ್ತ ಅಳೆಯುವ ಕೊಳಗ ದೊಡ್ಡದೆಂಬುದೇ ಅಲ್ಲಿ ರೈತರ ದೂರಾಗಿತ್ತು.

ಈ ಕಥೆಯನ್ನು ನಮ್ಮ ಸಭೆಗಳಲ್ಲಿ ಎದೆಯುಬ್ಬಿಸಿ ಹೇಳುತ್ತೇವೆ. ಜಾತಿ ಮತ್ತು ಹೆಣ್ಣು ಎಂಬ ಎರಡು ಬೇಲಿಗಳ ಬಗ್ಗೆ ಅದೇ ಲೋಹಿಯಾ 1953ರಲ್ಲಿ ಬರೆದದ್ದನ್ನು ಎತ್ತುವವರು ಎಷ್ಟು ಮಂದಿ? ಬಡತನ ಹೋದರೆ ಈ ಬೇಲಿಗಳು ತಾವಾಗಿಯೇ ಬೀಳುತ್ತವೆಂಬ ವಾದವನ್ನು ಅವರು ಒಪ್ಪಲಿಲ್ಲ. ಎರಡು ಹೋರಾಟವೂ ಜೊತೆಗೇ ನಡೆಯಬೇಕೆಂದರು. ಹಿಂದುಳಿದವರಿಗೆ ನೂರಕ್ಕೆ 60 ಸ್ಥಾನ ಕೇಳಿದಾಗ ಶೂದ್ರ, ಹರಿಜನ, ಆದಿವಾಸಿಗಳ ಸಾಲಿನಲ್ಲಿ ಹೆಂಗಸರನ್ನೂ ಸೇರಿಸಿದರು, ಯಾವ ಜಾತಿಯವರಾದರೂ ಸರಿ. ಸಾವಿತ್ರಿಗಿಂತ ದ್ರೌಪದಿಯೇ ಮೇಲೆಂದು ಹೇಳಿ ಮಡಿವಂತರ ಹುಬ್ಬು ಗಂಟಿಕ್ಕಿಸಿದರು.

ಅಳತೆಯ ಮೋಸ ಗದ್ದೆಯಲ್ಲಿ ಮಾತ್ರವೇ? ಭದ್ರಾವತಿಯ ಕಾಗದದ ಕಾರ್ಖಾನೆ 2015ರಲ್ಲಿ ನಿಂತ ಮೇಲೆ ಎಷ್ಟೋ ಮನೆಗಳ ಒಲೆ ಯಾರ ದುಡಿಮೆಯಿಂದ ಉರಿಯಿತು? ಅಡಿಕೆ ಸುಲಿದ, ಬಟ್ಟೆ ಹೊಲಿದ, ಪರರ ಮನೆಯ ಪಾತ್ರೆ ತಿಕ್ಕಿದ ಕೈಗಳನ್ನು ಕಾರ್ಮಿಕರ ಕೈಗಳೆಂದು ನಾವು ಲೆಕ್ಕಕ್ಕೆ ಹಿಡಿದೆವೆ? ಶಿವಮೊಗ್ಗದಲ್ಲಿ ಸಣ್ಣ ಅಂಗಡಿಯವನು ಊಟಕ್ಕೆ ಹೋದಾಗ ಗಲ್ಲಾಪೆಟ್ಟಿಗೆಯ ಮುಂದೆ ಕೂರುವವಳು ಹೆಂಡತಿ. ಲೈಸೆನ್ಸಿನಲ್ಲಿ ಹೆಸರು ಅವನದು, ಸಂಘದಲ್ಲಿ ಓಟೂ ಅವನದೇ.

ನಮ್ಮ ರಾಜ್ಯವು 1983ರ ಕಾನೂನಿನಿಂದ ಮಂಡಲ ಪಂಚಾಯಿತಿ, ಜಿಲ್ಲಾ ಪರಿಷತ್ತುಗಳಲ್ಲಿ ನೂರಕ್ಕೆ 25 ಸ್ಥಾನ ಹೆಂಗಸರಿಗಿಟ್ಟಿತು. 1987ರ ಚುನಾವಣೆಯಲ್ಲಿ ಸಾವಿರಾರು ಮಂದಿ ಗೆದ್ದು ಬಂದರು. ಗಂಡಂದಿರೇ ಆಡಳಿತ ನಡೆಸುತ್ತಾರೆಂದು ನಕ್ಕವರುಂಟು; ನಗಲಿ. ಆ ಪಾಲು ಮುಂದೆ ಅರ್ಧಕ್ಕೇರಿತು. ಆದರೆ ಕಾನೂನು ಬಾಗಿಲು ತಟ್ಟದ ಜಾಗಗಳು ನಮ್ಮವೇ: ಯೂನಿಯನ್ ಕಚೇರಿ, ವರ್ತಕರ ಸಂಘ. ಹೆಂಗಸರು ಸಭೆಗೆ ಬರುವುದಿಲ್ಲವೆಂಬುದು ಇಲ್ಲಿನ ಹಳೆಯ ಸಬೂಬು. ರಾತ್ರಿ ಎಂಟಕ್ಕೆ, ಅಡುಗೆಯ ಹೊತ್ತಿಗೆ ಸಭೆ ಕರೆದರೆ ಯಾರು ಬಂದಾರು?

ಮುಂದಿನ ವಾರ್ಷಿಕ ಸಭೆಯಲ್ಲಿ ಪ್ರತಿ ಸಂಘವೂ ನಿಯಮಾವಳಿ ತಿದ್ದಲಿ. ಅಂಗಡಿಯಲ್ಲಿ ದುಡಿಯುವ ಹೆಂಡತಿ, ಮಗಳ ಹೆಸರು ಸದಸ್ಯರ ಪಟ್ಟಿಗೆ ಬರಲಿ. ಗುತ್ತಿಗೆಯ ಮೇಲೆ ದುಡಿಯುವ ಹೆಣ್ಣಾಳಿಗೂ ಯೂನಿಯನ್ ಚೀಟಿ ಸಿಗಲಿ. ಪಂಚಾಯಿತಿಯಲ್ಲಿರುವಂತೆ ಕಾರ್ಯಕಾರಿ ಸಮಿತಿಯಲ್ಲೂ ಅರ್ಧ ಸ್ಥಾನ ಅವರದಾಗಲಿ. ಸಭೆಯನ್ನು ಭಾನುವಾರ ಮಧ್ಯಾಹ್ನಕ್ಕೆ ಕರೆಯಲಿ. ಆ ದಿನದ ಅಡುಗೆಯನ್ನು ಗಂಡಸರು ನೋಡಿಕೊಳ್ಳಲಿ.