ಬಣ್ಣದ ಒಡೆತನ

ಸೀರೆಯಂಗಡಿಯಲ್ಲಿ ಗೃಹಿಣಿಯರು ಬಣ್ಣ ನಿಲ್ಲುವುದೇ, ಬಿಡುವುದೇ ಎಂದು ವಿಚಾರಿಸುವುದುಂಟು. ಅದು ಯಾವ ನಾಡಿನಲ್ಲಿ ಹುಟ್ಟಿತೆಂದು ವಿಚಾರಿಸುವವರು ವಿರಳ. ವಿಚಾರಿಸಿದರೆ ದೊರೆಯುವ ಕಥೆ ಯಾವ ರಾಜವಂಶದ ಏಳುಬೀಳಿಗೂ ಕಡಮೆಯದಲ್ಲ.

1856ರ ಈಸ್ಟರ್ ರಜೆಯಲ್ಲಿ ವಿಲಿಯಂ ಪರ್ಕಿನ್ ಎಂಬ ಹದಿನೆಂಟರ ತರುಣನು ಲಂಡನ್ನಿನ ತನ್ನ ಮನೆಯ ಪುಟ್ಟ ಪ್ರಯೋಗಶಾಲೆಯಲ್ಲಿ, ಕಲ್ಲಿದ್ದಲಿನ ಡಾಂಬರಿನಿಂದ ಬಂದ ವಸ್ತುವೊಂದರಿಂದ ಕ್ವಿನೀನ್ ತಯಾರಿಸಲು ಹೆಣಗುತ್ತಿದ್ದನು. ಕ್ವಿನೀನ್ ದೊರೆಯಲಿಲ್ಲ, ಕಪ್ಪು ಮಡ್ಡಿಯೊಂದು ಉಳಿಯಿತು. ಮದ್ಯಸಾರದಲ್ಲಿ ಕದಡಿದಾಗ ಆ ಮಡ್ಡಿಯೇ ಸೊಗಸಾದ ನೇರಳೆ ಬಣ್ಣವನ್ನು ಬಿಟ್ಟಿತು. ಮರುವರ್ಷ ತಂದೆಯ ಉಳಿತಾಯದ ಹಣದಿಂದ ಕಾರ್ಖಾನೆ ಎದ್ದಿತು. ಕೃತಕ ಬಣ್ಣದ ಉದ್ಯಮ ಹೀಗೆ ಇಂಗ್ಲೆಂಡಿನಲ್ಲಿ ಜನ್ಮ ತಾಳಿತು.

ಆ ದೇಶಕ್ಕೆ ಇದ್ದ ಕೊರತೆಯಾದರೂ ಏನು? ಡಾಂಬರು ಬೇಕಾದಷ್ಟಿತ್ತು, ಬಣ್ಣ ಕೊಳ್ಳಲು ಮ್ಯಾಂಚೆಸ್ಟರಿನ ಗಿರಣಿಗಳಿದ್ದವು, ಹಣಕ್ಕೆ ಬರವಿರಲಿಲ್ಲ. ಇಲ್ಲದಿದ್ದುದು ಗುರುಪರಂಪರೆ. ಪರ್ಕಿನನ ಗುರು ಹಾಫ್‌ಮನ್ ಜರ್ಮನಿಯಿಂದ ಕರೆತಂದ ಪಂಡಿತ. ನೀಲಿ ಬೆಳೆಯುವ ಇಂಡಿಯಾಕ್ಕೇ ಇಂಗ್ಲೆಂಡು ಮುಂದೊಂದು ದಿನ ತನ್ನ ಡಾಂಬರಿನ ನೀಲಿಯನ್ನು ಕಳುಹಿಸುವುದೆಂದು ಆತನು 1862ರಲ್ಲಿ ಭವಿಷ್ಯ ನುಡಿದಿದ್ದನು. ಮೂರೇ ವರ್ಷಗಳಲ್ಲಿ ಬರ್ಲಿನ್ನಿನ ಪೀಠ ಕರೆಯಿತು, ನುಡಿದವನೇ ಹೊರಟುಹೋದನು. ಮ್ಯಾಂಚೆಸ್ಟರಿನಲ್ಲಿ ಪಳಗಿದ ಕಾರೋ ಎಂಬ ರಸಾಯನಜ್ಞನೂ ತಾಯ್ನಾಡಿಗೆ ಮರಳಿ, ರೈನ್ ತೀರದ ಬಿ.ಎ.ಎಸ್.ಎಫ್. ಕಾರ್ಖಾನೆಯನ್ನು ಸೇರಿದನು. ವಿಶ್ವವಿದ್ಯಾನಿಲಯದ ವಿದ್ವಾಂಸರಿಗೆ ಕಾರ್ಖಾನೆಯೊಳಗೇ ಪ್ರಯೋಗಶಾಲೆ ಕಟ್ಟಿಕೊಟ್ಟ ಜಾಣತನ ಜರ್ಮನರದು. ಆಂಗ್ಲರು ಮಾತ್ರ ಅವರಿಗೆ ಡಾಂಬರಿನ ಸರಕನ್ನು ಮಾರಿ ಲಾಭವೆಣಿಸುತ್ತ ಕುಳಿತರು!

ಮಂಜಿಷ್ಠದ ಬೇರಿನ ಕೆಂಪನ್ನು ಕೃತಕವಾಗಿ ತಯಾರಿಸುವ ವಿಧಾನಕ್ಕೆ ಬಿ.ಎ.ಎಸ್.ಎಫ್. ಲಂಡನ್ನಿನಲ್ಲಿ ಪೇಟೆಂಟ್ ಕೋರಿದ್ದು 1869ರ ಜೂನ್ 25ರಂದು. ಪರ್ಕಿನ್ ಕೋರಿದ್ದು 26ರಂದು. ಐದು ವರ್ಷಗಳ ಮೇಲೆ ಅವನು ಕಾರ್ಖಾನೆಯನ್ನೇ ಮಾರಿ ಸಂಶೋಧನೆಗೆ ಹಿಂದಿರುಗಿದನು.

ಉಳಿದದ್ದು ನೀಲಿ. ಬೇಯರ್ ಎಂಬ ಜರ್ಮನ್ ಪ್ರಾಧ್ಯಾಪಕನು 1880ರಲ್ಲಿ ಅದನ್ನು ಪ್ರಯೋಗಶಾಲೆಯಲ್ಲಿ ಸೃಷ್ಟಿಸಿದನಾದರೂ, ಅಗ್ಗವಾಗಿ ತಯಾರಿಸಲು ಇನ್ನೂ ಹದಿನೇಳು ವರ್ಷ ಹಿಡಿಯಿತು. 1897ರಲ್ಲಿ ಬಿ.ಎ.ಎಸ್.ಎಫ್. ನೀಲಿ ಪೇಟೆಗೆ ಬಂದಿತು. ಹಾಫ್‌ಮನ್ನನ ಭವಿಷ್ಯ ಫಲಿಸಿತು, ದೇಶವೊಂದು ತಪ್ಪಿತು.

ಇದರ ಪೆಟ್ಟು ಬಿದ್ದದ್ದು ಬಿಹಾರದ ರೈತನ ಬೆನ್ನಿನ ಮೇಲೆ. ಚಂಪಾರಣ್ಯದಲ್ಲಿ ಇಪ್ಪತ್ತು ಕಠಾ ಭೂಮಿಗೆ ಮೂರರಂತೆ ನೀಲಿ ಬೆಳೆಯಲೇಬೇಕೆಂಬ ಕಟ್ಟಳೆಯನ್ನು ಬಿಳಿಯ ತೋಟಗಾರರು ಹೇರಿದ್ದರು. ಬೆಲೆ ಕುಸಿದೊಡನೆ ಅವರು ರೈತನನ್ನು ಸುಮ್ಮನೆ ಬಿಟ್ಟರೇ? ಬಿಡುಗಡೆಗೂ ಬೆಲೆ ಕಟ್ಟಿದರು. ಗೇಣಿ ಏರಿಸಿದರು, ಇಲ್ಲವೇ ಇಡಿಗಂಟು ವಸೂಲು ಮಾಡಿದರು. 1917ರಲ್ಲಿ ಗಾಂಧೀಜಿ ಅಲ್ಲಿಗೆ ಹೋದಾಗ ರೈತರು ತೋಡಿಕೊಂಡ ಗೋಳಿನಲ್ಲಿ ಇದೂ ಸೇರಿತ್ತು. ರೈನ್ ನದಿಯ ಹೆಸರನ್ನೂ ಕೇಳದವರು ಅದರ ದಡದ ಜಾಣ್ಮೆಗೆ ದಂಡ ತೆತ್ತರು.

ಇಂಗ್ಲೆಂಡಿಗೆ ಎಚ್ಚರವಾದದ್ದು 1914ರಲ್ಲಿ. ಯುದ್ಧ ಹೂಡಿ ನೋಡಿದರೆ ತನ್ನ ಗಿರಣಿಗಳ ಬಣ್ಣದ ಬಹುಪಾಲು ಬರುತ್ತಿದ್ದುದು ಶತ್ರುವಿನಿಂದ!

ಇಪ್ಪತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಜರ್ಮನಿಯ ಸರದಿಯೂ ಬಂದಿತು. ಬಟ್ಟೆಯ ಗಿರಣಿಗಳು ಏಷ್ಯಕ್ಕೆ ಸರಿದವು, ಬಣ್ಣವೂ ಹಿಂಬಾಲಿಸಿತು. ಬೇಯರ್, ಹೋಕ್ಸ್ಟ್, ಬಿ.ಎ.ಎಸ್.ಎಫ್. ಎಂಬ ಮೂರು ಹಳೆಯ ಮನೆತನಗಳು ತಮ್ಮ ಬಟ್ಟೆಬಣ್ಣದ ವ್ಯವಹಾರವನ್ನು ಡೈಸ್ಟಾರ್ ಎಂಬ ಒಂದೇ ಸಂಸ್ಥೆಗೆ ಒಪ್ಪಿಸಿದವು. 2009ರಲ್ಲಿ ಅದು ದಿವಾಳಿಯೆದ್ದಿತು. ಮರುವರ್ಷ ಅದನ್ನು ಕೊಂಡವರು ಚೀನದ ಲಾಂಗ್‌ಶೆಂಗ್ ಮತ್ತು ಗುಜರಾತಿನ ಒಂದು ಕಂಪನಿ. ಗುಜರಾತಿನದರ ಹೆಸರು, ಕನ್ನಡಿಗರ ಕಿವಿಗೆ ವಿನೋದವೆನಿಸುವಂತೆ, ‘ಕಿರಿ’.