ಗ್ವಾಡಿಗೆ ಫೋಮ್ ಹಚ್ಚಬ್ಯಾಡ್ರೆವ್ವಾ, ಮೊದಲ ಸಂದಿ ಮುಚ್ಚರಿ

ಗ್ವಾಡಿಗೆ ತತ್ತಿ ಟ್ರೇ ಬಡಿಯೂ ಹುಚ್ಚು ಈಗ ಬೆಳಗಾವಿ ಓಣಿಗಳಿಗೂ ಬಂದೈತಿ. ಫೋನಿನ್ಯಾಗ ಯಾವನೋ ಒಬ್ಬ ಖೋಲಿ ತುಂಬ ಕರೇ ಫೋಮ್ ಹಚ್ಚಿ "ನೋಡ್ರಿ, ಎಷ್ಟು ಶಾಂತ" ಅಂತಾನ. ಮರುದಿನ ನಮ್ಮಾಕಿ ಒಬ್ಬಾಕಿ ಭಿಶಿ ರೊಕ್ಕ ಎಣಸ್ಕೋತ ಕುಂಡರತಾಳ. ವಡಗಾವಿಯೊಳಗಿನ ನಮ್ಮ ನೆಗೆಣ್ಣಿಗೆ ಒಂದು ಅಂಗಡಿಯವರು ಒಂದ ಗ್ವಾಡಿಗೆ 18,000 ರೂಪಾಯಿ ಹೇಳಿದ್ರು. ಆಕಿ ಮಗಳು ಬಾಣಂತನಕ್ಕ ಬಂದಾಳ, ಕೂಸಿಗೆ ಇನ್ನೂ ಎರಡು ತಿಂಗಳಾಗಿಲ್ಲ, ಬಾಜೂ ಮನಿಯಾಗ ಎರಡು ಪಾವರ್‌ಲೂಮ್. ಕೂಸು ಕಣ್ಣು ಮುಚ್ಚೂದರೊಳಗ ಧಡಕ್ ಧಡಕ್ ಶುರು. ಇಂಥಾ ಹೊತ್ತಿನ್ಯಾಗ ಯಾರು ಏನು ಮಾರಿದ್ರೂ ಕೊಳ್ಳಬೇಕು ಅನಸತೈತಿ, ಅದು ಅಂಗಡಿಯವರಿಗೂ ಗೊತ್ತೈತಿ.

ಫೋಮಿನ ಒಂದು ತುಣುಕು ಬಾಯಿಗೆ ಹಿಡದು ಊದಿ ನೋಡ್ರಿ. ಗಾಳಿ ಆ ಕಡೆ ಬರತೈತಿ. ಗಾಳಿನ ಹಾದು ಹೋಗೂವಾಗ ಸಪ್ಪಳ ಹ್ಯಾಂಗ ನಿಂತೀತು? ಫೋಮ್ ಮಾಡೂ ಕೆಲಸ ಒಂದ: ನಮ್ಮ ಖೋಲಿಯೊಳಗಿನ ದನಿ ಗ್ವಾಡಿಗೆ ಬಡದು ತಿರುಗಿ ಬರದಂಗ ನೋಡಿಕೊಳ್ಳೂದು. ಹಾಡು ರೆಕಾರ್ಡ್ ಮಾಡವರಿಗೆ ಅದು ಬೇಕು. ನಮ್ಮ ಮನಿಯಾಗ ಗಾದಿ, ಕೌದಿ, ಸೀರಿ ಗಂಟು ಇವೆಲ್ಲಾ ಆ ಕೆಲಸ ಪುಕ್ಕಟೆ ಮಾಡ್ತಾವು. ತತ್ತಿ ಟ್ರೇ ಅಂತೂ ಬರೇ ರದ್ದಿ ಕಾಗದ. ಮ್ಯಾಲ ದೇವರ ಮುಂದಿನ ದೀಪ, ಒಲಿ ಕಿಡಿ ಇರೂ ಮನಿಯಾಗ ಅಂಥಾದ್ದನ್ನ ಗ್ವಾಡಿ ತುಂಬ ಅಂಟಿಸೂದು ಅಂದ್ರ ಬೆಂಕಿಗೆ ಚಾಪಿ ಹಾಸಿ ಕರದಂಗ.

ಸಪ್ಪಳ ತಡಿಯೂದು ಭಾರ. ನನ್ನ ತವರು ಖಾನಾಪುರದ ಕಡೆ. ಅಲ್ಲಿ ಮಣ್ಣಿಗೆ ಹೆಸರೈತಿ, ಕುಂಬಾರಿಕಿ ಕಲಿಸಾಕ ಖಾದಿ ಗ್ರಾಮೋದ್ಯೋಗ ಆಯೋಗದ ಸಂಸ್ಥೆನ ಐತಿ. ನಮ್ಮ ಹಳೇ ಮನಿ ಮಣ್ಣಿನ ಗ್ವಾಡಿ ಒಂದು ಮೊಳಕ್ಕಿಂತ ದಪ್ಪ. ಬಾಜೂ ಮನಿಯಾಗ ಖಾರ ಕುಟ್ಟಿದ್ರೂ ನಮ್ಮ ಅಜ್ಜಿ ನಿದ್ದಿ ಕೆಡತಿರಲಿಲ್ಲ. ಆದ್ರ ಅವರ ಮನಿ ಜಗಳದ ಒಂದೊಂದು ಮಾತೂ ನಮ್ಮ ಅವ್ವಗ ಬಾಯಿಪಾಠ! ಯಾಕಂದ್ರ ನಡುವಿನ ಗ್ವಾಡಿ ಹಂಚಿಗೆ ಮುಟ್ಟಿರಲಿಲ್ಲ, ಮ್ಯಾಲ ಗೇಣು ಸಂದಿ ಇತ್ತು.

ಆ ಗೇಣು ಸಂದಿನ ಎಲ್ಲಾ ಕಥಿ. ಗ್ವಾಡಿಯೊಳಗ ನೂರಕ್ಕ ಒಂದು ಪಾಲು ಬಾಯಿ ತೆರದಿದ್ರ, ಉಳಿದ 99 ಪಾಲು ಕೋಟಿ ಗ್ವಾಡಿಯಷ್ಟು ದಪ್ಪ ಇದ್ದರೂ ಒಟ್ಟು ತಡಿಯೂದು 20 ಡೆಸಿಬಲ್ ಅಷ್ಟ. ಗಿಲಾವ್ ಮಾಡಿದ ಬರೇ 4 ಇಂಚಿನ ಇಟ್ಟಂಗಿ ಗ್ವಾಡಿ, ಸಂದಿ ಇಲ್ಲದಿದ್ರ, 40ರ ಮ್ಯಾಲ ತಡೀತೈತಿ. ಅಂದ್ರ ಎತ್ತರದಾಗಿನ ಸಂದಿ ಬಿಟ್ಟು ಗ್ವಾಡಿಗೆ ರೊಕ್ಕ ಸುರಿಯೂದು, ತೂತು ಬಿದ್ದ ಕೊಡಕ್ಕ ಬಣ್ಣ ಬಳದಂಗ.

ನೆಗೆಣ್ಣಿ ಮನಿಯಾಗ ನೋಡಿದ್ರ ಹಂಗ ಇತ್ತು. ಹಂಚಿನ ಕೆಳಗ ಸಂದಿ. ಎರಡೂ ಮನಿ ಸ್ವಿಚ್ ಬೋರ್ಡು ಬೆನ್ನಿಗೆ ಬೆನ್ನು ಹಚ್ಚಿ ಕೂಡಿಸ್ಯಾರ, ನಡುವ ಇಟ್ಟಂಗಿನ ಇಲ್ಲ. ನಳದ ಪೈಪು ಹಾದಲ್ಲೂ ತೂತು. ಅರ್ಧ ದಿನ ಗೌಂಡಿ ಬಂದು ಇಟ್ಟಂಗಿ ತುಣುಕು, ಸಿಮೆಂಟು ತುಂಬಿದ. ಬೋರ್ಡು ವಾಯರ್‌ಮನ್ ಕಡೆಯಿಂದನ ಮಾಡಿಸಿದ್ವಿ. ಅದಕ್ಕ ನಾವು ಕೈ ಹಾಕೂದಲ್ಲ. ಬಟ್ಟಿ ತುಂಬಿದ ತಿಜೋರಿ ಆ ಗ್ವಾಡಿಗೆ ತಂದ್ವಿ, ಆದ್ರ ನಾಕು ಬಟ್ಟು ಬಿಟ್ಟು. ತೊಟ್ಟಿಲ ಒಳಗಿನ ಖೋಲಿಗೆ ಹೋತು. ಎಲ್ಲಾ ಸೇರಿ 1,500 ದಾಟಲಿಲ್ಲ. ಅವರ ಮಾತು, ಟಿವಿ ನಿಂತಾವು. ಮಗ್ಗದ ಕಟಕಟ ಅರ್ಧಕ್ಕ ಇಳೀತು.

ಧಡಕ್ ಮಾತ್ರ ಉಳೀತು. ಅದು ಗ್ವಾಡಿಯಿಂದ ಬರೂದಲ್ಲ, ನೆಲದಿಂದ ಬರತೈತಿ. ಎರಡೂ ಮನಿಗೆ ಪಾಯಾ ಒಂದ. ಅದನ್ನ ನಮ್ಮ ಕಡೆ ನಿಂತು ಯಾರೂ ತಡಿಯಾಕ ಆಗೂದಿಲ್ಲ. ಮಗ್ಗದ ಕಾಲಿನ ಕೆಳಗ ದಪ್ಪ ರಬ್ಬರ್ ಹಾಕಬೇಕು. ಇಲ್ಲಿ ನನ್ನ ಜಗಳ ಶುರು. "ಹೊಂದಿಕೊಂಡು ಹೋಗ್ರಿ" ಅನ್ನವರು ದಿನಾ ಮನಿಯಾಗ ಇರವರಲ್ಲ, ಮುಂಜಾನೆ ಎದ್ದು ಹೋಗಿ ರಾತ್ರಿ ಬರವರು. "ಪೊಲೀಸ್ರಿಗೆ ಹೇಳ್ರಿ" ಅನ್ನವರಿಗೆ ನೇಕಾರರ ಹೊಟ್ಟಿ ಗೊತ್ತಿಲ್ಲ. ವಡಗಾವಿ, ಖಾಸಬಾಗದಾಗ ಮಗ್ಗ ನಿಂತ್ರ ಒಲಿ ನಿಂತಂಗ. ಆ ಮಗ್ಗದ ಬಾಜೂ ದಿನಾ ನಿಲ್ಲೂ ಅಕ್ಕನ ಕಿವಿಗೆ ನಮ್ಮಕ್ಕಿಂತ ಹೆಚ್ಚು ಪೆಟ್ಟು. ಅದಕ್ಕ ರಬ್ಬರಿನ ರೊಕ್ಕ ಅರ್ಧ ನಾವು ಕೊಡೂದು, ರಾತ್ರಿ 10ರಿಂದ ಮುಂಜಾನೆ 6ರ ತನಕ ಮಗ್ಗ ಬಂದ್ ಅಂತ ಅವರು ಒಪ್ಪೂದು, ಹಿಂಗ ಮಾತಾಗೇತಿ. ಆ ತಾಸು ನಾವು ಹುಟ್ಟಿಸಿದ್ದಲ್ಲ. ಕೇಂದ್ರ ಸರ್ಕಾರದ 2000ದ ಶಬ್ದ ಮಾಲಿನ್ಯ ನಿಯಮದಾಗ ರಾತ್ರಿ ಅಂದ್ರ ಅದ. ಮಂದಿ ಇರೂ ಪ್ರದೇಶಕ್ಕ ಹಗಲ 55, ರಾತ್ರಿ 45 ಡೆಸಿಬಲ್ ಮಿತಿ. (ಹೋಮ್ ಥಿಯೇಟರ್ ಹಚ್ಚಿ ಕುಣಿಯವರಿಗೆ ಈ ಮರ್ಯಾದಿ ಬ್ಯಾಡ. ಅವರಿಗೆ 112.)

ಖರ್ಚು ಕೊಡಬೇಕಾದವ ಮೂರನೇದವ ಒಬ್ಬ ಅದಾನ, ಅವನ ಹೆಸರು ಯಾರೂ ಎತ್ತೂದಿಲ್ಲ: ಮನಿ ಮಾಲಕ. ಒಂದ ಹಳೇ ಮನಿ ನಡುವ 4 ಇಂಚಿನ ಗ್ವಾಡಿ ಎಬ್ಬಿಸಿ ಎರಡು ಬಾಡಿಗಿ ತಗೋತಾನ. ಖಾನಾಪುರ ತಾಲೂಕಿನ್ಯಾಗ ಭಟ್ಟಿಗೇನು ಬರ ಇಲ್ಲ, ಇಟ್ಟಂಗಿ ಅಡ್ಡ ಹಾಕಿ 9 ಇಂಚು ಮಾಡಿದ್ರ ಮತ್ತ ಸುಮಾರು 5 ಡೆಸಿಬಲ್ ತಡೀತಿತ್ತು. ಖೋಲಿ ನಾಕು ಬಟ್ಟು ಸಣ್ಣದಾಗತಿತ್ತು, ಅಷ್ಟ. ಬಾಜೂದವರ ಕಡೆ ಇನ್ನೂ ಗಿಲಾವ್ ಸಹಿತ ಮಾಡಿಸಿಲ್ಲ, ಬರೇ ಇಟ್ಟಂಗಿ ಕಾಣತಾವು. ಗಿಲಾವ್ ಇಲ್ಲದ ಇಟ್ಟಂಗಿ ನಡುವಿನ ಸಣ್ಣ ಸಣ್ಣ ಸಂದಿಯಿಂದನೂ ಸಪ್ಪಳ ಸೋರತೈತಿ. ಇಬ್ಬರು ಬಾಡಿಗಿದಾರರು ಒಬ್ಬರಿಗೊಬ್ಬರು ಬೈದಾಡಿಕೋತ ಕುಂತ್ರ ಅವಗ ಭಾಳ ಚಲೋ.

ಗಿಲಾವ್ ಮಾಡಿಸಿ ಕೊಡು ಅಂತ ನೆಗೆಣ್ಣಿ, ಆ ಮಗ್ಗದ ಅಕ್ಕ ಇಬ್ಬರೂ ಕೂಡಿ ಕೇಳ್ಯಾರ. "ನೋಡೂಣು" ಅಂದಾನ. ಬರೂ ತಿಂಗಳ ಬಾಡಿಗಿ ಕೊಡಾಕ ಇಬ್ಬರೂ ಜೋಡೀಲೆ ಹೋಗವರದಾರ, ಗೌಂಡಿ ಬರದುಕೊಟ್ಟ ಖರ್ಚಿನ ಚೀಟಿ ಹಿಡಕೊಂಡು.